ಮೆಟ್ಟಿಲು, ಸುಂಕ, ನೆರೆಮನೆ: ಪರಊರಿನಲ್ಲಿ ಪಿಯಾನೊ ಹುಡುಕಿದವರು

1778ರ ಏಪ್ರಿಲ್ 5ರಂದು ಅನ್ನಾ ಮರಿಯಾ ಮೊಜಾರ್ಟ್ ಪ್ಯಾರಿಸ್ಸಿನಿಂದ ಸಾಲ್ಸ್‌ಬುರ್ಗ್‌ನಲ್ಲಿದ್ದ ಗಂಡನಿಗೆ ಕಾಗದ ಬರೆದಳು. ತಾನಿರುವ ಕೋಣೆ ಒಂದು ಸಣ್ಣ ಒಳಅಂಗಳದ ಕಡೆಗಿದೆ, ಇಡೀ ದಿನ ಸೂರ್ಯನ ದರ್ಶನವಿಲ್ಲ, ಹೊರಗೆ ಮಳೆಯೋ ಬಿಸಿಲೋ ಒಂದೂ ತಿಳಿಯುವುದಿಲ್ಲ ಎಂದು ದೂರಿಕೊಂಡಳು. ಇನ್ನೊಂದು ತೊಂದರೆಯನ್ನೂ ಹೇಳಿದಳು. ಮನೆಯ ಬಾಗಿಲೂ ಮೆಟ್ಟಿಲೂ ಎಷ್ಟು ಇಕ್ಕಟ್ಟೆಂದರೆ, ಕ್ಲಾವಿಯರ್ ಎಂಬ ಕೀಲಿಮಣೆ ವಾದ್ಯವನ್ನು ಮೇಲೆ ತರಲು ಸಾಧ್ಯವೇ ಇಲ್ಲ. ಆದ್ದರಿಂದ ಮಗ ವುಲ್ಫ್‌ಗಾಂಗ್ ರಚನೆಯ ಕೆಲಸಕ್ಕೆ ಮೊಸ್ಯೂ ಲ ಗ್ರೋ ಎಂಬವರ ಮನೆಗೆ ಹೋಗಬೇಕಾಗಿದೆ, ಅಲ್ಲಿ ಒಂದು ವಾದ್ಯವಿದೆ. ತಾನು ಬೆಳಗಿನಿಂದ ಸಂಜೆಯವರೆಗೆ ಒಬ್ಬಳೇ. ಹೀಗೇ ಆದರೆ ಮಾತಾಡುವುದೇ ಮರೆತುಹೋದೀತು.

ಆ ಮಗನಿಗೆ ಆಗ 22 ವರ್ಷ. ಬಾಲ್ಯದಲ್ಲೇ ಯುರೋಪಿನ ಅರಮನೆಗಳನ್ನೆಲ್ಲ ಸುತ್ತಿ ಬಂದವನಿಗೆ ಪ್ಯಾರಿಸ್ಸಿನಲ್ಲಿ ಬೆರಳಾಡಿಸಲು ಸ್ವಂತದ್ದೊಂದು ಕೀಲಿಮಣೆ ಇರಲಿಲ್ಲ. ಪ್ಯಾರಿಸ್ಸಿನ ಸಂಶೋಧನಾಲಯವೊಂದರಲ್ಲಿ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಈ ಕಾಗದದ ವಿವರ ಓದಿದೆ. ನನ್ನದು ಆರನೇ ಮಹಡಿ. ಹಳೆಯ ಕಟ್ಟಡಗಳಲ್ಲಿ ಮನೆಗೆಲಸದವರಿಗೆಂದು ಛಾವಣಿಯ ಕೆಳಗೆ ಕಟ್ಟಿಸಿದ್ದ ಪುಟ್ಟ ಕೋಣೆಗಳಲ್ಲಿ ಒಂದು. ಸುತ್ತಿ ಸುತ್ತಿ ಏರುವ ಮರದ ಮೆಟ್ಟಿಲಲ್ಲಿ ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಬಾಡಿಗೆ ಕರಾರಿನಲ್ಲಿ ವಾದ್ಯಗಳ ಬಗ್ಗೆ ಬೇರೆಯೇ ಒಂದು ಕಲಮು ಇತ್ತು. ನಾನು ಸಂಗೀತಗಾರ್ತಿಯೇನೂ ಅಲ್ಲ. ಬೆಂಗಳೂರಿನ ಫ್ರೇಜರ್ ಟೌನಿನಲ್ಲಿ ಆಂಗ್ಲೋ ಇಂಡಿಯನ್ ಟೀಚರೊಬ್ಬರ ಬಳಿ ಟ್ರಿನಿಟಿ ಪರೀಕ್ಷೆಗಳಿಗೆ ಓದಿಕೊಂಡವಳು. ದಿನಕ್ಕೆ ಅರ್ಧ ಗಂಟೆ ನುಡಿಸದಿದ್ದರೆ ಕೈ ಬಿಗಿಯುತ್ತದೆ, ಮನಸ್ಸೂ ಬಿಗಿಯುತ್ತದೆ, ಅಷ್ಟೆ. ಫೋನಿನಲ್ಲಿ ಅಮ್ಮ ಕೇಳಿದರು: “ಅಲ್ಲಿ ಪಿಯಾನೊ ಸಿಗಲ್ವೇನೇ? ಅದು ಅವರದ್ದೇ ವಾದ್ಯ ಅಲ್ವಾ?”

ಅಮ್ಮನ ಪ್ರಶ್ನೆ ನ್ಯಾಯವಾದದ್ದೇ. ವೀಣೆಯನ್ನು ರೈಲಿನಲ್ಲಿ ಒಯ್ಯಬಹುದು, ಪಿಟೀಲನ್ನು ವಿಮಾನದಲ್ಲಿ ತಲೆಯ ಮೇಲಿನ ಗೂಡಿನಲ್ಲಿಡಬಹುದು. ಪಿಯಾನೊ ಮಾತ್ರ ಹಳ್ಳಿಮನೆಯ ಒರಳುಕಲ್ಲಿನ ಹಾಗೆ. ಅದು ಮನೆಯ ಜೊತೆ ಇರುತ್ತದೆ, ಮನುಷ್ಯನ ಜೊತೆ ಹೊರಡುವುದಿಲ್ಲ. ಗೋಡೆಗೆ ಒರಗಿ ನಿಲ್ಲುವ ಸಾಮಾನ್ಯ ಪಿಯಾನೊ ಕೂಡ 200 ಕಿಲೋಗಿಂತ ಹೆಚ್ಚು ತೂಗುತ್ತದೆ. ಊರು ಬಿಟ್ಟವನು ಅದನ್ನು ಬಿಟ್ಟೇ ಬರಬೇಕು, ಬಂದ ಊರಿನಲ್ಲಿ ಇನ್ನೊಬ್ಬರ ಮನೆಯ ಪಿಯಾನೊದ ಮುಂದೆ ಅನುಮತಿ ಕೇಳಿ ಕೂರಬೇಕು. ಹಾಗಾಗಿ ಪರದೇಶದಲ್ಲಿ ಪಿಯಾನೊ ಹುಡುಕಿದವರ ಕಥೆಗೆ ಒಂದು ಪರಂಪರೆಯೇ ಇದೆ. ಅವರೆಲ್ಲರಿಗೂ ಅಡ್ಡ ಬಂದವು ಮೂರು: ಮೆಟ್ಟಿಲು, ಸುಂಕ, ನೆರೆಮನೆ.

ಮೊಜಾರ್ಟನ ತಂದೆ ಲಿಯೊಪೋಲ್ಡ್ ಈ ಕಷ್ಟವನ್ನು ಮುಂಚೆಯೇ ಊಹಿಸಿದ್ದ. 1763ರಲ್ಲಿ ಮಕ್ಕಳಿಬ್ಬರನ್ನು ಕರೆದುಕೊಂಡು ಯುರೋಪಿನ ದೊಡ್ಡ ಪ್ರವಾಸಕ್ಕೆ ಹೊರಟಾಗ, ಔಗ್ಸ್‌ಬುರ್ಗ್‌ನ ಹೆಸರಾಂತ ವಾದ್ಯ ತಯಾರಕ ಯೊಹಾನ್ ಆಂಡ್ರಿಯಾಸ್ ಸ್ಟೈನ್ ಅವರಿಂದ ಪ್ರಯಾಣಕ್ಕೆಂದೇ ಒಂದು ಚಿಕ್ಕ ಕ್ಲಾವಿಯರ್ ಕೊಂಡಿದ್ದ. ಎಲ್ಲಿ ಇಳಿದುಕೊಂಡರೂ ಮಕ್ಕಳ ಅಭ್ಯಾಸ ತಪ್ಪಬಾರದೆಂಬುದು ಅವನ ಲೆಕ್ಕ. 1778ರಲ್ಲಿ ಅಂಥ ಏರ್ಪಾಡು ಇರಲಿಲ್ಲ, ತಂದೆಯೂ ಜೊತೆಗಿರಲಿಲ್ಲ. ಪ್ಯಾರಿಸ್ಸಿನಲ್ಲಿ ಪಿಯಾನೊಗಳೂ ಆಗ ವಿರಳ. ಸಿರಿವಂತರ ಮನೆಗಳಲ್ಲಿ ಇನ್ನೂ ಹಾರ್ಪ್ಸಿಕಾರ್ಡ್ ಎಂಬ ಹಳೆಯ ಕೀಲಿಮಣೆ ವಾದ್ಯಗಳದ್ದೇ ಆಳ್ವಿಕೆ, ಪಿಯಾನೊ ಎಂದರೆ ಬಹುಪಾಲು ಇಂಗ್ಲೆಂಡಿನಿಂದ ತರಿಸಿದ್ದು. ಫ್ರಾನ್ಸಿನಲ್ಲಿ ಆಮೇಲೆ ದೊಡ್ಡ ಹೆಸರು ಮಾಡಿದ ಸೆಬಾಸ್ತಿಯಾಂ ಎರಾರ್ ತನ್ನ ಮೊದಲ ಪಿಯಾನೊ ತಯಾರಿಸಿ ಒಂದು ವರ್ಷವಷ್ಟೇ ಆಗಿತ್ತು.

ಇನ್ನೊಬ್ಬರ ಪಿಯಾನೊ ನುಡಿಸುವುದು ಎಂಥ ಅನುಭವ ಎಂಬುದನ್ನು ಮೊಜಾರ್ಟ್ 1778ರ ಮೇ 1ರಂದು ತಂದೆಗೆ ಬರೆದ ಕಾಗದದಲ್ಲಿ ಬಿಡಿಸಿ ಹೇಳಿದ್ದಾನೆ. ಶಿಫಾರಸು ಪತ್ರ ಹಿಡಿದು ಅವನು ಶಾಬೊ ಡಚೆಸ್‌ಳ ಮನೆಗೆ ಹೋದ. ಬೆಂಕಿಗೂಡೇ ಇಲ್ಲದ, ಮಂಜಿನಂತೆ ತಣ್ಣಗಿದ್ದ ದೊಡ್ಡ ಕೋಣೆಯಲ್ಲಿ ಅರ್ಧ ಗಂಟೆ ಕಾಯಿಸಿದರು. ಆಕೆ ಬಂದು, ತನ್ನ ಬಳಿಯ ವಾದ್ಯಗಳು ಯಾವುವೂ ಸರಿಯಿಲ್ಲ, ಇದ್ದುದರಲ್ಲೇ ನುಡಿಸಿ ಎಂದಳು. ಬೆರಳು ಮರಗಟ್ಟಿದೆ, ಬೆಂಕಿ ಇರುವ ಕೋಣೆಗಾದರೂ ಕರೆದೊಯ್ಯಿರಿ ಎಂದು ಇವನು ಕೇಳಿಕೊಂಡ. ಆಕೆ ಆಗಲಿ ಎಂದಳೇ ಹೊರತು ಮೇಜಿನ ಸುತ್ತ ಕುಳಿತ ಗಂಡಸರೊಂದಿಗೆ ಚಿತ್ರ ಬರೆಯುತ್ತ ಒಂದು ಗಂಟೆ ಕಳೆದಳು. ಬಾಗಿಲು ಕಿಟಕಿಗಳೆಲ್ಲ ತೆರೆದೇ ಇದ್ದವು. ಕೊನೆಗೆ ಅವನು ಆ ದರಿದ್ರ ಪಿಯಾನೊದ ಮುಂದೆ ಕುಳಿತ. ಯಾರೂ ತಲೆ ಎತ್ತಲಿಲ್ಲ, ಪೆನ್ಸಿಲ್ ಕೆಳಗಿಡಲಿಲ್ಲ. ಕುರ್ಚಿಗೆ, ಮೇಜಿಗೆ, ಗೋಡೆಗೆ ನುಡಿಸಿದಂತಾಯಿತು ಎಂದು ಬರೆಯುತ್ತಾನೆ. ಆದರೆ ಡಚೆಸ್‌ಳ ಗಂಡ ಬಂದು ಪಕ್ಕದಲ್ಲಿ ಕುಳಿತು ಕಿವಿಗೊಟ್ಟು ಕೇಳಿದಾಗ ಚಳಿ, ತಲೆನೋವು, ವಾದ್ಯದ ಹಾಳು ಸ್ಥಿತಿ ಎಲ್ಲ ಮರೆತುಹೋಯಿತಂತೆ. ಕೇಳುವ ಒಬ್ಬನಿದ್ದರೆ ಕೆಟ್ಟ ಪಿಯಾನೊವನ್ನೂ ಸಹಿಸಬಹುದು. ಇದು ಪರಊರಿನಲ್ಲಿ ನುಡಿಸಿದವರೆಲ್ಲ ಒಪ್ಪುವ ಮಾತು.

ಆ ವರ್ಷ ಜುಲೈ 3ರಂದು ತಾಯಿ ತೀರಿಕೊಂಡಳು. ಅಷ್ಟರಲ್ಲಿ ಅವರು ಸ್ವಲ್ಪ ಬೆಳಕಿದ್ದ ಬೇರೆ ಬಿಡಾರಕ್ಕೆ ಬಂದಿದ್ದರು. ಆ ಬೀದಿ ಈಗ ಸಾಂತಿಯೆ ರಸ್ತೆಯ ಭಾಗ. ಹತ್ತಿರದ ಸಾಂತ್ ಯುಸ್ತಾಶ್ ಚರ್ಚಿನಲ್ಲಿ ಆಕೆಯ ಹೆಸರಿನ ಫಲಕವಿದೆ. ಆ ಬೇಸಿಗೆಯಲ್ಲಿ ಪ್ಯಾರಿಸ್ಸಿನಲ್ಲೇ ಹುಟ್ಟಿದ ಮೊಜಾರ್ಟನ ಎ ಮೈನರ್ ಸೊನಾಟಾವನ್ನು ಫ್ರೇಜರ್ ಟೌನಿನ ಟೀಚರ್ ನನ್ನಿಂದ ಎಷ್ಟು ಸಲ ನುಡಿಸಿದ್ದರೋ! ಅದು ಸ್ವಂತ ವಾದ್ಯವಿಲ್ಲದವನ ಕೃತಿ ಎಂದು ಆಗ ಗೊತ್ತಿರಲಿಲ್ಲ.

ಮುಂದಿನ ಐವತ್ತು ವರ್ಷಗಳಲ್ಲಿ ಪ್ಯಾರಿಸ್ ಯುರೋಪಿನ ಪಿಯಾನೊ ರಾಜಧಾನಿಗಳಲ್ಲಿ ಒಂದಾಯಿತು. ಆಸಕ್ತಿಯ ಸಂಗತಿಯೆಂದರೆ ಅದನ್ನು ಹಾಗೆ ಮಾಡಿದವರಲ್ಲಿ ಹೊರಗಿನಿಂದ ಬಂದವರೇ ಹೆಚ್ಚು. ಎರಾರ್ ಬಂದದ್ದು ಸ್ಟ್ರಾಸ್‌ಬುರ್ಗಿನಿಂದ. 1807ರಲ್ಲಿ ಇನ್ನೊಂದು ದೊಡ್ಡ ಕಾರ್ಖಾನೆ ತೆರೆದ ಇಗ್ನಾಸ್ ಪ್ಲೆಯೆಲ್ ಆಸ್ಟ್ರಿಯಾದವನು, ಹೈಡನ್ನನ ಶಿಷ್ಯ. ಇಕ್ಕಟ್ಟಿನ ಮೆಟ್ಟಿಲಿಗೆ ಉತ್ತರ ಕೊಟ್ಟದ್ದೂ ಈ ಕಸುಬಿನವರೇ. ಅಡ್ಡಡ್ಡ ಹಾಸಿದ್ದ ತಂತಿಗಳನ್ನು ನೆಟ್ಟಗೆ ನಿಲ್ಲಿಸಿ, ಗೋಡೆಗೆ ಒರಗುವ ಗಿಡ್ಡ ಪಿಯಾನೊ ಮಾಡಿದರು. 1800ರ ಸುಮಾರಿಗೆ ವಿಯೆನ್ನಾದಲ್ಲೂ ಫಿಲಡೆಲ್ಫಿಯಾದಲ್ಲೂ ಇಂಥ ಪ್ರಯತ್ನಗಳು ನಡೆದಿದ್ದವು. ಪ್ಲೆಯೆಲ್ ಕಂಪನಿ ಪಿಯಾನಿನೊ ಎಂಬ ಪುಟ್ಟ ಮಾದರಿಯನ್ನು ಪ್ಯಾರಿಸ್ಸಿನ ಮನೆಗಳಿಗೆ ತಂದಿತು. ಅದರ ಹಿಂದೆಯೇ ಬಾಡಿಗೆಯ ವ್ಯಾಪಾರವೂ ಬೆಳೆಯಿತು. ಕೊಳ್ಳಲಾಗದವರು ತಿಂಗಳ ಲೆಕ್ಕದಲ್ಲಿ ಪಿಯಾನೊ ತರಿಸಿಕೊಂಡರು.

ಕಂಪನಿಗಳು ವಿದೇಶೀ ವಾದಕರನ್ನು ಸಾಕಿದ ರೀತಿಯೂ ಗಮನಿಸುವಂಥದ್ದು. 1823ರಲ್ಲಿ ಹನ್ನೆರಡು ವರ್ಷದ ಫ್ರಾಂತ್ಸ್ ಲಿಸ್ತ್ ಹಂಗೇರಿಯಿಂದ ತಂದೆಯ ಜೊತೆ ಬಂದು ಪ್ಯಾರಿಸ್ ಕನ್ಸರ್ವೇಟರಿಯ ಬಾಗಿಲು ತಟ್ಟಿದ. ವಿದೇಶೀಯರಿಗೆ ಪ್ರವೇಶವಿಲ್ಲ ಎಂದು ನಿರ್ದೇಶಕ ಕೆರುಬೀನಿ ವಾಪಸು ಕಳಿಸಿದ. ಅವನೇ ಇಟಲಿಯಿಂದ ಬಂದವನಾಗಿದ್ದ! ಅಪ್ಪ ಮಗ ಇಳಿದುಕೊಂಡಿದ್ದ ಹೋಟೆಲು ಮಾಯ್ ಬೀದಿಯಲ್ಲಿ ಎರಾರ್ ಕಂಪನಿಯ ಎದುರಿಗೇ ಇತ್ತು. ಎರಾರ್ ಮನೆತನ ಹುಡುಗನಿಗೆ ಪಿಯಾನೊ ಕೊಟ್ಟು, ಕಛೇರಿಗಳಿಗೆ ಬೆಂಬಲವಾಗಿ ನಿಂತಿತು. ಸರಕಾರಿ ಶಾಲೆ ಮುಚ್ಚಿದ ಬಾಗಿಲನ್ನು ಅಂಗಡಿಯವನು ತೆರೆದ. ಅದರಲ್ಲಿ ವ್ಯಾಪಾರದ ಲೆಕ್ಕ ಖಂಡಿತ ಇತ್ತು. ಇದ್ದರೇನಂತೆ, ಹುಡುಗನಿಗೆ ಕೀಲಿಮಣೆ ಸಿಕ್ಕಿತಲ್ಲ.

ಪೋಲೆಂಡಿನಿಂದ 1831ರಲ್ಲಿ ಪ್ಯಾರಿಸ್ಸಿಗೆ ಬಂದ ಫ್ರೆದೆರಿಕ್ ಶೋಪಾನ್‌ಗೆ ಪ್ಲೆಯೆಲ್ ಕಂಪನಿ ಆಸರೆಯಾಯಿತು. 1832ರ ಫೆಬ್ರವರಿಯಲ್ಲಿ ಅವನ ಮೊದಲ ಕಛೇರಿ ನಡೆದದ್ದೂ ಪ್ಲೆಯೆಲ್ ಸಭಾಂಗಣದಲ್ಲಿ. ಪ್ಯಾರಿಸ್ಸಿನಲ್ಲಿ ಅವನಿಗೆ ಪಿಯಾನೊದ ಬರ ಎಂದೂ ಬರಲಿಲ್ಲ. ಬಂದದ್ದು ಮೆಡಿಟರೇನಿಯನ್ ಕಡಲಿನ ದ್ವೀಪವೊಂದರಲ್ಲಿ.

1838ರ ನವೆಂಬರ್‌ನಲ್ಲಿ ಶೋಪಾನ್, ಲೇಖಕಿ ಜಾರ್ಜ್ ಸಾಂಡ್, ಅವಳ ಇಬ್ಬರು ಮಕ್ಕಳು ಸ್ಪೇನಿನ ಮಯೋರ್ಕಾ ದ್ವೀಪಕ್ಕೆ ಹೋದರು. ಅವನ ಎದೆಯ ಕಾಯಿಲೆಗೆ ಬೆಚ್ಚಗಿನ ಹವೆ ಬೇಕಿತ್ತು. ಹಿಂದೆಯೇ ಹಡಗಿನಲ್ಲಿ ಒಂದು ಪ್ಲೆಯೆಲ್ ಪಿಯಾನಿನೊ ಬರುವುದೆಂದು ಏರ್ಪಾಡು. ವಾರಗಳು ಕಳೆದರೂ ಪಿಯಾನೊ ಬರಲಿಲ್ಲ. ಸಂಗೀತದ ಕನಸು ಕಾಣುತ್ತಿದ್ದೇನೆ, ನುಡಿಸಲು ಇಲ್ಲಿ ಪಿಯಾನೊಗಳೇ ಇಲ್ಲ ಎಂದು ಅವನು ಕಂಪನಿಯ ಒಡೆಯ ಕಾಮೀಯ್ ಪ್ಲೆಯೆಲ್‌ಗೆ ಬರೆದ. ಸ್ಥಳೀಯವಾಗಿ ಸಿಕ್ಕ ಬಡ ಪಿಯಾನೊವೊಂದರಲ್ಲಿ ಕೈಯಾಡಿಸುತ್ತ ಕಾದ. ಇತ್ತ ಇವನಿಗೆ ಕ್ಷಯವೆಂಬ ಸುದ್ದಿ ಹರಡಿ ಮನೆಯ ಮಾಲೀಕ ಬಿಡಾರ ಖಾಲಿ ಮಾಡಿಸಿದ. ಡಿಸೆಂಬರ್ ನಡುವೆ ಅವರು ವಾಲ್‌ದೆಮೊಸ್ಸಾದ ಮಠಕ್ಕೆ ಹೋದರು. 1835ರಲ್ಲಿ ಸರಕಾರ ಸನ್ಯಾಸಿಗಳನ್ನು ಹೊರಗೆ ಕಳಿಸಿದ ಮೇಲೆ ಅಲ್ಲಿನ ಕೋಣೆಗಳು ಬಾಡಿಗೆಗೆ ಸಿಗುತ್ತಿದ್ದವು.

ಡಿಸೆಂಬರ್ 20ರ ಸುಮಾರಿಗೆ ಪಿಯಾನೊ ಪಾಲ್ಮಾ ಬಂದರಿಗೇನೋ ಬಂತು. ಆದರೆ ಸುಂಕದ ಕಟ್ಟೆ ದಾಟಲಿಲ್ಲ. ಅಧಿಕಾರಿಗಳು ಮೊದಲು ಕೇಳಿದ್ದು 700 ಫ್ರಾಂಕ್, ಅಂದರೆ ಹೆಚ್ಚುಕಡಿಮೆ ವಾದ್ಯದ ಬೆಲೆಯಷ್ಟೇ. ವಾರಗಟ್ಟಲೆ ಚೌಕಾಸಿ ನಡೆದ ಮೇಲೆ ಅದು ಅರ್ಧದಷ್ಟಕ್ಕೆ ಇಳಿಯಿತು. ಪಾಲ್ಮಾದಿಂದ ಬೆಟ್ಟದ ಹಾದಿಯಲ್ಲಿ ಪಿಯಾನೊ ಮಠ ಸೇರುವ ಹೊತ್ತಿಗೆ ಜನವರಿ ಅರ್ಧ ಮುಗಿದಿತ್ತು. ಜನವರಿ 22ರಂದೇ ಶೋಪಾನ್ ಪ್ರೆಲ್ಯೂಡು ಎಂಬ ಕಿರುಕೃತಿಗಳ ಹಸ್ತಪ್ರತಿಯನ್ನು ಪ್ಯಾರಿಸ್ಸಿಗೆ ಕಳಿಸಿದ. ಫೆಬ್ರವರಿ ಎರಡನೇ ವಾರದಲ್ಲಿ ಅವರೆಲ್ಲ ದ್ವೀಪ ಬಿಟ್ಟರು, ಹಂದಿಗಳನ್ನು ಸಾಗಿಸುತ್ತಿದ್ದ ಹಡಗಿನಲ್ಲಿ. ಅಷ್ಟು ಹೋರಾಡಿ ಪಡೆದ ಪಿಯಾನೊ ಬಳಕೆಗೆ ಬಂದದ್ದು ಕೆಲವೇ ವಾರ. ಅದನ್ನು ಪಾಲ್ಮಾದ ಬ್ಯಾಂಕರ್ ಕನೂತ್ ದಂಪತಿಗೆ ಮಾರಿದರು. ಇಂದು ಆ ಮಠ ನೋಡಲು ಜನ ಸಾಲುಗಟ್ಟುತ್ತಾರೆ. ಶೋಪಾನ್ ನುಡಿಸಿದ ಪಿಯಾನೊ ಯಾವ ಕೋಣೆಯದ್ದು ಎಂದು ಅಲ್ಲಿನ ಮಾಲೀಕರಲ್ಲಿ ವ್ಯಾಜ್ಯ ಹುಟ್ಟಿ, 2011ರಲ್ಲಿ ನ್ಯಾಯಾಲಯವೇ ತೀರ್ಪು ಕೊಡಬೇಕಾಯಿತು. ಬದುಕಿದ್ದಾಗ ಪಿಯಾನೊಗೆ ಪರದಾಡಿದವನ ಹೆಸರಲ್ಲಿ ಈಗ ಪಿಯಾನೊಗಳೇ ಜಗಳಕ್ಕೆ ಬಿದ್ದಿವೆ.

ಸುಂಕದವರೆಲ್ಲ ಒಂದೇ ಥರ ಎನ್ನುವಂತಿಲ್ಲ. 1817ರ ಕೊನೆಯಲ್ಲಿ ಲಂಡನ್ನಿನ ಪಿಯಾನೊ ತಯಾರಕ ಥಾಮಸ್ ಬ್ರಾಡ್‌ವುಡ್ ಒಂದು ಪಿಯಾನೊವನ್ನು ಬೀತೋವನ್‌ಗೆ ಉಡುಗೊರೆ ಕಳಿಸಿದರು. ಅದು ಸಮುದ್ರಮಾರ್ಗದಲ್ಲಿ ತ್ರಿಯೆಸ್ತೆಗೆ ಹೋಗಿ, ಅಲ್ಲಿಂದ ನೆಲದ ಹಾದಿಯಲ್ಲಿ ವಿಯೆನ್ನಾ ತಲುಪಿತು. ಸರಕಾರ ಅದರ ಸುಂಕವನ್ನು ಬಿಟ್ಟುಕೊಟ್ಟಿತು. ಪ್ರಭಾವಿಗಳು ಹಿಂದಿದ್ದರೆ ಗಡಿಯ ಗೇಟು ತಾನಾಗಿ ಮೇಲೇಳುತ್ತದೆ. ಕೆಮ್ಮುವ ಬಾಡಿಗೆದಾರನಿಗೆ ಏಳುವುದಿಲ್ಲ. ಮಯೋರ್ಕಾದ ಆ ಚಳಿಗಾಲದ ಹತ್ತು ವರ್ಷದ ನಂತರ, 1848ರಲ್ಲಿ, ಶೋಪಾನ್ ಲಂಡನ್ನಿಗೆ ಹೋದಾಗ ಅವನ ಕೋಣೆಯಲ್ಲಿ ಮೂರು ಪಿಯಾನೊ ನಿಂತಿದ್ದವು: ಪ್ಲೆಯೆಲ್, ಎರಾರ್, ಬ್ರಾಡ್‌ವುಡ್. ಮರುವರ್ಷ ಅಕ್ಟೋಬರ್‌ನಲ್ಲಿ ಅವನು ತೀರಿಕೊಂಡ.

ಈ ಕಥೆಯ ಮಗ್ಗುಲೊಂದು ನಮ್ಮ ಊರಿನಲ್ಲೂ ಇದೆ. ಬೆಂಗಳೂರಿನ ದಂಡುಪ್ರದೇಶ ಶುರುವಾದದ್ದು 1809ರಲ್ಲಿ. ಅಲ್ಲಿಗೆ ಬಂದ ಇಂಗ್ಲಿಷ್ ಅಧಿಕಾರಿಗಳ ಹೆಂಡಂದಿರಿಗೆ, ಪಾದ್ರಿಗಳ ಮನೆಯವರಿಗೆ ಪರದೇಶ ಎಂದರೆ ಬೆಂಗಳೂರೇ. ಹಡಗಿನಲ್ಲಿ ಬಂದ ಅವರ ಪಿಯಾನೊಗಳಿಗೆ ಇಲ್ಲಿನ ಹವೆ ಹಿಡಿಸಲಿಲ್ಲ. ಬೇಸಿಗೆಗೆ ಮರ ಬಿರಿಯುವುದು, ಮಳೆಗಾಲಕ್ಕೆ ಕೀಲಿಗಳು ಉಬ್ಬಿ ಕೆಳಗೆ ಹೋದದ್ದು ಮೇಲೆ ಬಾರದಿರುವುದು, ಒಳಗಿನ ಉಣ್ಣೆಬಟ್ಟೆಯನ್ನು ಹುಳ ತಿನ್ನುವುದು, ಬುಡಕ್ಕೆ ಗೆದ್ದಲು ಹತ್ತುವುದು. ಇದಕ್ಕೆಂದೇ ಇಂಗ್ಲೆಂಡಿನ, ಜರ್ಮನಿಯ ಕಂಪನಿಗಳು ಉಷ್ಣದೇಶಗಳಿಗೆ ಬೇರೆ ಪಿಯಾನೊ ಮಾಡಿದವು. ಅಂಟನ್ನು ಮಾತ್ರ ನಂಬದೆ ತಿರುಪು ಬಿಗಿದರು, ಹಿತ್ತಾಳೆ ಪಟ್ಟಿ ಹೊಡೆದರು. ವರ್ಗವಾಗಿ ಹೋಗುವವರ ವಾದ್ಯಗಳು ಹರಾಜಿನಲ್ಲಿ ಕೈ ಬದಲಾಯಿಸಿದವು; ಮಿಷನ್ ಶಾಲೆ, ಕಾನ್ವೆಂಟು, ಕ್ಲಬ್ಬುಗಳಿಗೆ ಪಿಯಾನೊ ಬಂದ ದಾರಿಗಳಲ್ಲಿ ಇದೂ ಒಂದು. ನಮ್ಮ ಟೀಚರ್ ಮನೆಯದ್ದು ಅಂಥದ್ದೇ. ಜೂನ್ ಬಂತೆಂದರೆ ಪಿಯಾನೊದ ಕೆಳಬಾಗಿಲು ತೆಗೆದು ಒಳಗೊಂದು ಬಲ್ಬು ಉರಿಸಿಡುತ್ತಿದ್ದರು, ಥಂಡಿ ಹಿಡಿಯದಿರಲೆಂದು. ಮೂಲೆಯಲ್ಲಿ ನುಸಿಗುಳಿಗೆಯ ಪೊಟ್ಟಣ. ಎ ಮೈನರ್ ಸೊನಾಟಾಕ್ಕೆ ಇಂದಿಗೂ ನನ್ನ ಮಟ್ಟಿಗೆ ನುಸಿಗುಳಿಗೆಯ ವಾಸನೆ.

ಈಗ ಮೂರನೆಯ ಅಡ್ಡಿಗೆ ಬರೋಣ. ಇಂದಿನ ಪ್ಯಾರಿಸ್ಸಿನಲ್ಲಿ ಮೆಟ್ಟಿಲು ಅಷ್ಟು ದೊಡ್ಡ ತೊಡಕಲ್ಲ. ರಸ್ತೆಯಿಂದ ಕಿಟಕಿಯವರೆಗೆ ಚಾಚುವ ಏಣಿಯಂಥ ಲಿಫ್ಟುಗಳು ಬಂದಿವೆ. ಪಿಯಾನೊ ಕೂಡ ದುಬಾರಿಯಲ್ಲ. ಅಜ್ಜಿ ತೀರಿಕೊಂಡ ಮನೆಗಳಲ್ಲಿ, ಒಯ್ದುಬಿಟ್ಟರೆ ಸಾಕು ಎಂದು ಹಳೆಯ ಪಿಯಾನೊಗಳನ್ನು ಪುಕ್ಕಟೆ ಕೊಡುವವರಿದ್ದಾರೆ. ಸಾಗಿಸಲು, ಶ್ರುತಿ ಮಾಡಿಸಲು ತಗಲುವ ಖರ್ಚೇ ಹೆಚ್ಚು. ಕೊನೆಯ ತಡೆ ನೆರೆಮನೆಯವರದ್ದು. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಗದ್ದಲ ಮಾಡಿದರೆ ದಂಡ. ಹಗಲಲ್ಲೂ ಅತಿಯಾದರೆ ಪೊಲೀಸರಿಗೆ ದೂರು ಹೋಗಬಹುದು. ಕಟ್ಟಡಗಳ ನಿಯಮಾವಳಿಯಲ್ಲಿ ವಾದ್ಯ ನುಡಿಸುವ ಹೊತ್ತನ್ನು ಬರೆದಿಟ್ಟಿರುವುದುಂಟು. ಪ್ರಯೋಗಾಲಯದಿಂದ ಎಂಟಕ್ಕೆ ಮನೆ ಸೇರುವವಳಿಗೆ ಉಳಿಯುವ ಹೊತ್ತೆಷ್ಟು? ಗೋಡೆಯಾಚೆಯ ಮುದುಕರು ನನ್ನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, “ಮದ್‌ಮ್ವಾಸೆಲ್, ನಿಮ್ಮ ರೇಡಿಯೊ ಕೇಳಿಸುತ್ತದೆ” ಎಂದಿದ್ದರು. ರೇಡಿಯೊಗೇ ಹಾಗೆಂದವರು ಪಿಯಾನೊಗೆ ಏನೆನ್ನುತ್ತಿದ್ದರೋ. ಕಿವಿಗೆ ಹೆಡ್‌ಫೋನ್ ಹಾಕಿ ನುಡಿಸುವ ಎಲೆಕ್ಟ್ರಾನಿಕ್ ಕೀಬೋರ್ಡು ಎಲ್ಲರೂ ಹೇಳುವ ಪರಿಹಾರ. ಬೆರಳಿನ ವ್ಯಾಯಾಮಕ್ಕೆ ಅದು ಸಾಕು. ಮರದ ಹಲಗೆ ಮೊಣಕಾಲಿಗೆ ಕಳಿಸುವ ಕಂಪನ ಮಾತ್ರ ಅದರಲ್ಲಿಲ್ಲ.

ಹಾಗಾಗಿ ಹುಡುಕಾಟ. ಗಂಟೆಯ ಲೆಕ್ಕದಲ್ಲಿ ಕೋಣೆ ಕೊಡುವ ಸ್ಟುಡಿಯೊಗಳಿವೆ. ಸಂಬಳ ಬಂದ ವಾರ ಮಾತ್ರ ಅಲ್ಲಿಗೆ. ವಿದ್ಯಾರ್ಥಿಗಳ ಸಿತೇ ಯೂನಿವರ್ಸಿತೇರ್ ಆವರಣದ ಹಲವು ನಿವಾಸಗಳಲ್ಲಿ ಸಂಗೀತದ ಕೋಣೆಗಳಿವೆ, ಆದರೆ ಅವು ಅಲ್ಲಿ ವಾಸಿಸುವವರಿಗೆ. ಸೇನ್ ನದಿಯ ದಂಡೆಯಲ್ಲಿ ಶೇಕ್ಸ್‌ಪಿಯರ್ ಆ್ಯಂಡ್ ಕಂಪನಿ ಎಂಬ ಹೆಸರಾಂತ ಪುಸ್ತಕದಂಗಡಿಯ ಮಹಡಿಯಲ್ಲಿ ಒಂದು ಹಳೆಯ ಪಿಯಾನೊ ಇದೆ, ಬಂದವರು ನುಡಿಸಬಹುದು. ಪಕ್ಕದಲ್ಲಿ ಪುಸ್ತಕ ಓದುತ್ತ ಕೂತವರ ಮುಖ ನೋಡಿಕೊಂಡು ಮೆಲ್ಲಗೆ ನುಡಿಸಬೇಕು.

ನಿಜವಾಗಿ ಬಾಗಿಲು ತೆರೆದದ್ದು ರೈಲ್ವೆ ನಿಲ್ದಾಣಗಳು. ಇದರ ಬೀಜ ಇಂಗ್ಲೆಂಡಿನದ್ದು. ಕಲಾವಿದ ಲ್ಯೂಕ್ ಜೆರಮ್, ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯಲ್ಲಿ ಪ್ರತಿ ವಾರ ಅದೇ ಜನ ಒಬ್ಬರನ್ನೊಬ್ಬರು ಮಾತಾಡಿಸದೆ ಕೂರುವುದನ್ನು ಕಂಡು, 2008ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಬೀದಿಗಳಲ್ಲಿ 15 ಪಿಯಾನೊಗಳನ್ನು ಇರಿಸಿದ. ಯಾರು ಬೇಕಾದರೂ ಕೂತು ನುಡಿಸಬಹುದು. ಆ ಯೋಜನೆ ಊರೂರು ಸುತ್ತಿತು. 2010ರ ದಶಕದ ಮೊದಲ ವರ್ಷಗಳಲ್ಲಿ ಫ್ರಾನ್ಸಿನ ರೈಲ್ವೆಯೂ ನಿಲ್ದಾಣಗಳಲ್ಲಿ ಪಿಯಾನೊ ಇಡತೊಡಗಿತು. ನುಡಿಸುವ ಸರದಿ ನಿಮ್ಮದು ಎಂಬ ಮಾತು ಅವುಗಳ ಮೈಮೇಲೇ ಬರೆದಿರುತ್ತದೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣಕ್ಕೆ 2016ರಲ್ಲಿ ಗಾಯಕ ಎಲ್ಟನ್ ಜಾನ್ ಒಂದು ಯಮಾಹಾ ಕೊಟ್ಟರು.

ನಿಲ್ದಾಣದ ಪಿಯಾನೊಗೆ ಅದರದ್ದೇ ಶಿಸ್ತಿದೆ. ಸಾಲಿನಲ್ಲಿ ಕಾಯಬೇಕು, ಒಂದೆರಡು ಕೃತಿಗಿಂತ ಹೆಚ್ಚು ಕೂರಬಾರದು, ಗಂಟುಮೂಟೆಯನ್ನು ಕಾಲಿನ ನಡುವೆ ಇಟ್ಟುಕೊಳ್ಳಬೇಕು. ಅರ್ಧ ಶ್ರುತಿ ಹೋಗಿರುತ್ತದೆ, ನಡುವೆ ರೈಲಿನ ಘೋಷಣೆ ಬರುತ್ತದೆ. ನಾನು ಪ್ಯಾರಿಸ್ಸಿನ ಮೋಂಪಾರ್ನಾಸ್ ನಿಲ್ದಾಣದಲ್ಲಿ ನುಡಿಸಿದಾಗ ಜನ ಸೂಟ್‌ಕೇಸು ಎಳೆದುಕೊಂಡು ಹೋಗುತ್ತಲೇ ಇದ್ದರು. ಡಚೆಸ್‌ಳ ಮನೆಯ ಗೋಡೆಗಳಿಗಿಂತ ವಾಸಿ: ಇಲ್ಲಿ ನಿಂತು ಕೇಳುವವರೂ ಇರುತ್ತಾರೆ, ಹೋಗುವವರು ಕೆಲಸವಿದ್ದು ಹೋಗುತ್ತಾರೆ. ಸೆನೆಗಲ್‌ನವನು, ಉಕ್ರೇನಿನವಳು, ಕೊರಿಯಾದ ವಿದ್ಯಾರ್ಥಿ, ಸಾಲಿನಲ್ಲಿ ನನ್ನ ಹಿಂದೆ ಮುಂದೆ ನಿಂತವರಲ್ಲಿ ಬಹಳ ಮಂದಿ ನನ್ನ ಹಾಗೆ ಹೊರಗಿನವರೇ. ನಿಲ್ದಾಣಗಳಿಗೆ ಪಿಯಾನೊ ಬರತೊಡಗಿದ ಹೊತ್ತಿನಲ್ಲೇ, 2013ರ ಕೊನೆಗೆ, ಪ್ಯಾರಿಸ್ಸಿನ ಪಕ್ಕದ ಸಾಂ ದೆನಿಯಲ್ಲಿದ್ದ ಪ್ಲೆಯೆಲ್ ಕಾರ್ಖಾನೆ ಬಾಗಿಲು ಹಾಕಿತು. ಪಿಯಾನೊ ಮಾಡುವವರು ಕಡಿಮೆಯಾದ ಕಾಲದಲ್ಲೇ ಪಿಯಾನೊ ಮನೆಯಿಂದ ಬೀದಿಗೆ ಬಂತು. ಮನೆಯಿಲ್ಲದವರಿಗೆ ಅದು ಸಿಕ್ಕಿದ್ದು ಆಗಲೇ.

ವಾದ್ಯವೊಂದೇ ಸಾಲದು, ಆಸರೆ ಕೊಡುವವರೂ ಬೇಕು ಎಂಬುದಕ್ಕೆ ಮೈಸೂರಿನ ಉದಾಹರಣೆಯೇ ಇದೆ. ರಷ್ಯದ ಪಿಯಾನೊ ವಾದಕ, ರಚನಕಾರ ನಿಕೊಲಾಯ್ ಮೆಟ್ನರ್ 1921ರಲ್ಲಿ ದೇಶ ಬಿಟ್ಟು, ಜರ್ಮನಿ, ಪ್ಯಾರಿಸ್ಸಿನ ಹೊರವಲಯಗಳಲ್ಲಿ ಅಲೆದು, 1930ರ ದಶಕದ ಮಧ್ಯದಲ್ಲಿ ಲಂಡನ್ನಿಗೆ ಬಂದ. ವಯಸ್ಸಾಗಿತ್ತು, ಕಾಯಿಲೆಯಿತ್ತು, ಕೇಳುವವರು ಕಡಿಮೆಯಾಗಿದ್ದರು. ಪಾಶ್ಚಾತ್ಯ ಸಂಗೀತವನ್ನು ಆಳವಾಗಿ ಕಲಿತಿದ್ದ, ಲಂಡನ್ನಿನ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆಗಿದ್ದ ಜಯಚಾಮರಾಜೇಂದ್ರ ಒಡೆಯರ್ ಮೆಟ್ನರ್ ಸೊಸೈಟಿ ಕಟ್ಟಲು ಹಣ ಕೊಟ್ಟರು. ಅದರಿಂದ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸುವಂತಾಯಿತು. ತನ್ನ ಮೂರನೆಯ ಪಿಯಾನೊ ಕಾಂಚೆರ್ಟೊವನ್ನು ಅವನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ತೀರಿಕೊಂಡವನ ಬೆರಳುಗಳನ್ನು ನಾವು ಇಂದು ಕೇಳುತ್ತಿದ್ದರೆ ಅದರಲ್ಲಿ ಮೈಸೂರಿನ ಋಣವಿದೆ.

ಅಷ್ಟು ದೊಡ್ಡ ಬೊಕ್ಕಸ ಎಲ್ಲರಿಗೂ ಬೇಕಿಲ್ಲ. ಕರ್ನಾಟಕದ ಹಳೆಯ ಶಾಲೆಗಳಲ್ಲಿ, ಕ್ಲಬ್ಬುಗಳಲ್ಲಿ, ಚರ್ಚಿನ ಸಭಾಂಗಣಗಳಲ್ಲಿ ಬೀಗ ಹಾಕಿದ, ಮೇಲೆ ಹೂದಾನಿ ಇಟ್ಟ ಪಿಯಾನೊಗಳನ್ನು ನಾನು ಕಂಡಿದ್ದೇನೆ. ಅದೇ ಬೆಂಗಳೂರಿಗೆ ಓದಲು, ದುಡಿಯಲು ನಾಗಾಲ್ಯಾಂಡ್, ಮಿಜೋರಾಂ, ಮೇಘಾಲಯಗಳಿಂದ ಮಕ್ಕಳು ಬರುತ್ತಾರೆ. ಚರ್ಚಿನಲ್ಲಿ ಕೀಲಿಮಣೆ ಕಲಿತ ಎಷ್ಟೋ ಮಂದಿ ಅವರಲ್ಲಿದ್ದಾರೆ. ಅವರ ಪಿ.ಜಿ. ಕೋಣೆಗಳಿಗೂ ಮೆಟ್ಟಿಲು ಕಿರಿದು, ನೆರೆಮನೆಯ ಗೋಡೆ ತೆಳು. ನಿಮ್ಮ ಸಂಸ್ಥೆಯಲ್ಲಿ ಅಂಥ ಪಿಯಾನೊ ಇದ್ದರೆ ಹೂದಾನಿ ಕೆಳಗಿಳಿಸಿ, ವರ್ಷಕ್ಕೊಮ್ಮೆ ಶ್ರುತಿ ಮಾಡಿಸಿ, ಸಂಜೆ ಎರಡು ಗಂಟೆ ಬಾಗಿಲು ತೆರೆದಿಡಿ, ಯಾರು ಬೇಕಾದರೂ ನುಡಿಸಬಹುದೆಂದು ಹೊರಗೊಂದು ಬೋರ್ಡು ಹಾಕಿ. ಬರುವವರು ಖಂಡಿತ ಬರುತ್ತಾರೆ.